ವಾಯಿದೆಯ ಮಗಳು

ನಮ್ಮ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಯಾವುದರ ಮೇಲೆ ಇಬ್ಬರು ಜಗಳವಾಡಿ ನ್ಯಾಯದ ಚಾವಡಿಯ ಮೆಟ್ಟಿಲು ಹತ್ತುತ್ತಾರೋ ಅದು ತೀರ್ಪು ಬರುವ ತನಕ ಇದ್ದ ಹಾಗೇ ಇರಬೇಕು. ಬೇರೆ ಊರುಗಳಲ್ಲಿ ಇದು ಬರೀ ಮಾತಾಗಿರಬಹುದು. ನಮ್ಮಲ್ಲಿ ಅದು ನಿಜವಾಗಿಯೂ ಹಾಗೇ ಇರುತ್ತಿತ್ತು. ಫಿರ್ಯಾದು ಕೊಟ್ಟ ದಿನ ಚಾವಡಿಯ ಕೂಗುವವನು ಬಿಳಿ ನೂಲಿನ ಉಂಡೆ ಹಿಡಿದು ಬರುತ್ತಿದ್ದ. ನೂಲಿನ ಒಂದು ತುದಿಯನ್ನು ಆ ವಸ್ತುವಿಗೆ ಕಟ್ಟುತ್ತಿದ್ದ. ವಾದಿಯ ಹೆಸರನ್ನು ಮೂರು ಸಲ ಕೂಗುತ್ತಿದ್ದ, ಪ್ರತಿವಾದಿಯ ಹೆಸರನ್ನು ಮೂರು ಸಲ ಕೂಗುತ್ತಿದ್ದ. ಆಮೇಲೆ ಉಂಡೆಯನ್ನು ಬಿಡಿಸುತ್ತಾ ಬಿಡಿಸುತ್ತಾ ಹಿಮ್ಮುಖವಾಗಿ ನಡೆದುಹೋಗಿ ಇನ್ನೊಂದು ತುದಿಯನ್ನು ಚಾವಡಿಯ ಕಂಬಕ್ಕೆ ಕಟ್ಟುತ್ತಿದ್ದ. ಆ ಗಂಟು ಬಿದ್ದ ಗಳಿಗೆಯಿಂದ ಆ ವಸ್ತುವಿನ ಪಾಲಿಗೆ ಕಾಲ ನಿಂತುಹೋಗುತ್ತಿತ್ತು.

ಹಿರಿಯರು ಈ ಕಟ್ಟಳೆ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ತೀರ್ಪಿಗೆ ಕಾಯುವಾಗ ಒಬ್ಬನ ಪಾಲನ್ನು ಇನ್ನೊಬ್ಬ ತಿಂದುಬಿಡಬಾರದು, ಮರ ಕಡಿದು ಮಾರಬಾರದು, ಬೇಲಿ ಸರಿಸಬಾರದು ಎಂಬುದಷ್ಟೇ ಅವರ ಆಸೆ. ಆ ಕಾಲದಲ್ಲಿ ಬೆಳಿಗ್ಗೆ ಕಟ್ಟಿದ ನೂಲನ್ನು ಸಂಜೆಗೆ ಕತ್ತರಿಸುತ್ತಿದ್ದರಂತೆ. ಆಮೇಲೆ ಊರು ಬೆಳೆಯಿತು, ಜಗಳ ಬೆಳೆಯಿತು, ಚಾವಡಿ ಬೆಳೆಯಲಿಲ್ಲ. ಪೀಠ ಒಂದೇ, ಅದರ ಮೇಲೆ ಕೂರುವವರೂ ಒಬ್ಬರೇ. ಎಷ್ಟೋ ಸಲ ಆ ಒಬ್ಬರೂ ಇರುತ್ತಿರಲಿಲ್ಲ. ಹೋದವರ ಜಾಗಕ್ಕೆ ಬರಬೇಕಾದವರು ಬರುವುದರೊಳಗೆ ಪೀಠದ ಮೇಲೆ ಧೂಳು ಕೂತಿರುತ್ತಿತ್ತು. ಗಂಟಿನ ಮೇಲೆ ಗಂಟು ಬಿದ್ದು ಕೊನೆಗೆ ಕಂಬವೇ ಕಾಣದಂತಾಯಿತು.

ನಾವು ನೂಲುಗಳ ಕೆಳಗೆ ತಲೆ ತಗ್ಗಿಸಿ ನಡೆಯುವುದನ್ನು ಕಲಿತೆವು. ಹಾಲು ತುಂಬಿದ ಭತ್ತದ ತೆನೆ ಹಾಲು ತುಂಬಿಕೊಂಡೇ ನಿಂತಿರುವುದನ್ನು ನೋಡುತ್ತಾ ಬೇರೆ ಊರಿನಿಂದ ಅಕ್ಕಿ ತರಿಸಿಕೊಂಡೆವು. ಪೇಟೆ ಬೀದಿಯ ಮಿಠಾಯಿ ಅಂಗಡಿಯಲ್ಲಿ ಪಾಲುದಾರರಿಬ್ಬರು ಜಗಳವಾಡಿದ ದಿನ ಬಾಣಲೆಯಲ್ಲಿದ್ದ ಸಕ್ಕರೆ ಪಾಕ ಗಟ್ಟಿಯೂ ಆಗದೆ ತೆಳುವೂ ಆಗದೆ ಸಣ್ಣಗೆ ಗುಳ್ಳೆ ಎಬ್ಬಿಸುತ್ತಲೇ ಇತ್ತು. ಅರ್ಧ ಎದ್ದ ಗೋಡೆಯ ಮೇಲೆ ಗಾರೆಯವನ ಬೆರಳ ಗುರುತು ಇನ್ನೂ ಒದ್ದೆಯಾಗಿತ್ತು. ಆ ಗಾರೆಯವನು ಸತ್ತು ಯಾವ ಕಾಲವಾಗಿತ್ತೋ. ವಸ್ತುಗಳು ಹೊಸದಾಗಿಯೇ ಇದ್ದವು, ಅವುಗಳಿಗಾಗಿ ಹೊಡೆದಾಡಿದ ನಾವು ಮುದುಕರಾದೆವು. ಪೀಠದ ಕತ್ತರಿಗೆ ಬಿಟ್ಟು ಬೇರೆ ಯಾವ ಅಲಗಿಗೂ ಆ ನೂಲು ಬಗ್ಗುತ್ತಿರಲಿಲ್ಲ. ಕೆಲವರು ಕುಡುಗೋಲು ತಂದು ನೋಡಿದರು, ಕೆಲವರು ಬೆಂಕಿ ಹಚ್ಚಿ ನೋಡಿದರು. ಆಮೇಲೆ ಯಾರೂ ನೋಡಲಿಲ್ಲ.

ಆ ನೂಲುಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಹುಡುಗಿಯ ಕೈಗೆ ಕಟ್ಟಿದ್ದು.

ಅವಳ ಹೆಸರು ಸಂಪಿ. ತಂದೆ ಚಿಕ್ಕೀರಯ್ಯ ಮಡಕೆ ಮಾಡುತ್ತಿದ್ದ, ತಾಯಿ ದೇವೀರಮ್ಮ ಹೂ ಕಟ್ಟಿ ಮಾರುತ್ತಿದ್ದಳು. ಗಂಡ ಹೆಂಡತಿ ಯಾಕೆ ಬೇರೆಯಾದರು ಎಂಬುದು ಅವರಿಗೇ ಈಗ ಸರಿಯಾಗಿ ನೆನಪಿರಲಿಲ್ಲ. ಕೂಸು ತನಗೆ ಸೇರಬೇಕು ಎಂದು ಚಿಕ್ಕೀರಯ್ಯ ಫಿರ್ಯಾದು ಕೊಟ್ಟ, ತನಗೆ ಸೇರಬೇಕು ಎಂದು ದೇವೀರಮ್ಮ ಉತ್ತರ ಕೊಟ್ಟಳು. ಆ ದಿನ ಸಂಪಿ ಚಾವಡಿಯ ಜಗಲಿಯ ಮೇಲೆ ನಿಂತು ಅಲ್ಲಾಡುತ್ತಿದ್ದ ಮುಂದಿನ ಹಲ್ಲನ್ನು ನಾಲಗೆಯಿಂದ ತಳ್ಳುತ್ತಿದ್ದಳು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕೂಗುವವನು ಬಂದು ಅವಳ ಎಡಗೈ ಮಣಿಕಟ್ಟಿಗೆ ನೂಲು ಕಟ್ಟಿದ. ಹಲ್ಲು ಅಲ್ಲಿಗೇ ನಿಂತಿತು. ಅವಳಿಗೆ ಆರು ವರ್ಷವಾಗಿತ್ತು. ಆಮೇಲೂ ಆರೇ ಉಳಿಯಿತು.

ನೂಲು ಕಟ್ಟುವಾಗ ಅವಳು ಎಲ್ಲಿದ್ದಳೋ ಅಲ್ಲೇ ಇರಬೇಕಾಗಿದ್ದರಿಂದ ಜಗಲಿಯೇ ಅವಳ ಮನೆಯಾಯಿತು. ಬೆಳಿಗ್ಗೆ ದೇವೀರಮ್ಮ ಎಣ್ಣೆ ಬಾಚಣಿಗೆ ಹಿಡಿದು ಬಂದು ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಸಂಜೆ ಚಿಕ್ಕೀರಯ್ಯ ಹುರಿಗಡಲೆ ತಂದು ಅವಳ ಅಂಗೈಗೆ ಸುರಿಯುತ್ತಿದ್ದ. ಒಬ್ಬರು ಇರುವಾಗ ಇನ್ನೊಬ್ಬರು ಬರುತ್ತಿರಲಿಲ್ಲ. ಜಗಲಿಯ ಕೆಳಗಿನ ಬಯಲಿನಲ್ಲಿ ಅವಳು ಬೀದಿಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಆ ಮಕ್ಕಳು ಬೆಳೆದು ಮದುವೆಯಾಗಿ ಹೋದರು. ಅವರ ಮಕ್ಕಳು ಬಂದು ಅವಳ ಜೊತೆ ಆಡಿದರು. ಅವರೂ ಬೆಳೆದರು. ಸಂಪಿಗೆ ಅದು ಹೊಳೆಯುತ್ತಿರಲಿಲ್ಲ. ದಿನದ ಮೇಲೆ ದಿನ ಬಂದು ಬೀಳುತ್ತಿದ್ದರೂ ಅವಳ ಒಳಗೆ ಅವೆಲ್ಲ ಸೇರಿ ಒಂದೇ ದಿನವಾಗಿದ್ದವು.

ವರ್ಷಕ್ಕೊಮ್ಮೆಯೋ ಎರಡು ಸಲವೋ ಒಳಗಿನಿಂದ ತಂದೆಯ ಹೆಸರು ಮೂರು ಸಲ, ತಾಯಿಯ ಹೆಸರು ಮೂರು ಸಲ ಕೇಳಿಸುತ್ತಿತ್ತು. ಇಬ್ಬರ ವಕೀಲರೂ ಎದ್ದು ನಿಂತು ವಾಯಿದೆ ಕೇಳುತ್ತಿದ್ದರು. ಇದು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಮಾಡಿದ ಏರ್ಪಾಡು. ತೀರ್ಪು ಬಂದರೆ ಒಬ್ಬರಿಗೆ ಕೂಸು ಇಲ್ಲ, ವಾಯಿದೆ ಬಂದರೆ ಇಬ್ಬರಿಗೂ ಅರ್ಧ ಉಂಟು ಎಂದು ಅವಳೂ ಎಣಿಸಿದ್ದಳು, ಅವನೂ ಎಣಿಸಿದ್ದ. ಸಂಪಿ ಆ ಪದವನ್ನು ಎಷ್ಟು ಸಲ ಕೇಳಿದ್ದಳೆಂದರೆ ಅದೂ ಒಂದು ವಾರದ ಹೆಸರು ಎಂದುಕೊಂಡಿದ್ದಳು. "ಇವತ್ತು ಭಾನುವಾರ, ನಾಳೆ ವಾಯಿದೆ, ನಾಡಿದ್ದು ಸೋಮವಾರ" ಎಂದು ಬೆರಳು ಮಡಿಸಿ ಜೊತೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

ಹೀಗಿರುವಾಗ ಹೊಸ ನ್ಯಾಯಾಧೀಶೆ ಬಂದಳು. ಬಾಕಿ ಉಳಿದ ನೂಲುಗಳನ್ನೆಲ್ಲ ಬಿಡಿಸಿ ಊರನ್ನು ಹಗುರ ಮಾಡಬೇಕೆಂದು ಅವಳಿಗೆ ಮೇಲಿನಿಂದ ಅಪ್ಪಣೆಯಾಗಿತ್ತು. ಬಂದ ದಿನವೇ ಅವಳು ಪೀಠದ ಧೂಳನ್ನು ತಾನೇ ಒರೆಸಿದಳು. ಕಂಬದ ಬಳಿ ಹೋಗಿ ಗಂಟುಗಳ ರಾಶಿಯೊಳಗೆ ಕೈ ಹಾಕಿ ಎಲ್ಲಕ್ಕೂ ಅಡಿಯಲ್ಲಿದ್ದ ಗಂಟನ್ನು ಮುಟ್ಟಿದಳು.

"ಇದು ಯಾವುದು?" ಎಂದು ಕೂಗುವವನನ್ನು ಕೇಳಿದಳು.

ಅವನು ಈಗ ಬೆನ್ನು ಬಾಗಿದ ಮುದುಕ. "ಅದು ನಾನು ಕಟ್ಟಿದ ಮೊದಲನೇ ಗಂಟು ಅಮ್ಮಾವ್ರೇ. ಜಗಲಿ ಮೇಲೆ ಆಡ್ತಾಳಲ್ಲ, ಆ ಮಗೂದು. ದೊಡ್ಡ ಬಿರುಗಾಳಿ ಬಂದ ವರ್ಷ ಕಟ್ಟಿದ್ದು."

ನ್ಯಾಯಾಧೀಶೆ ಗಂಟಿನಿಂದ ಕೈ ತೆಗೆದಳು. "ಬಿರುಗಾಳಿಯ ವರ್ಷ ನಾನು ಹುಟ್ಟಿದ್ದು" ಎಂದಳು.

ಹಳೆಯದರಿಂದಲೇ ಶುರು ಮಾಡಬೇಕೆಂದು ಅವಳ ಮನಸ್ಸಿನಲ್ಲಿತ್ತು. ಆದರೆ ಆ ಮಗುವಿನ ಮುಖ ನೋಡಿದ ಮೇಲೆ, ಮೊದಲು ಒಂದು ಮರದ ವ್ಯಾಜ್ಯ ತೆಗೆದುಕೊಳ್ಳೋಣ ಎಂದುಕೊಂಡಳು. ಅದು ಅಣ್ಣತಮ್ಮಂದಿರಿಬ್ಬರ ನಡುವಿನ ಮಾವಿನ ಮರ. ಅವರು ಪ್ರಾಯದಲ್ಲಿದ್ದಾಗ ಹೂಡಿದ ವ್ಯಾಜ್ಯ, ಈಗ ಇಬ್ಬರಿಗೂ ಕೋಲು ಬೇಕು. ಮರದ ತುಂಬ ಹೀಚು ಕಾಯಿ ಹಾಗೇ ತೂಗುತ್ತಿದ್ದವು. ಅವಳು ಇಬ್ಬರ ಮಾತನ್ನೂ ಕೇಳಿ ಮರ ತಮ್ಮನದು ಎಂದು ತೀರ್ಪು ಕೊಟ್ಟಳು. ಕೂಗುವವನು ಹೆಸರು ಕೂಗಿದ. ಅವಳು ಕತ್ತರಿ ಆಡಿಸಿದಳು. ನಾವೆಲ್ಲ ಹಣ್ಣು ತಿನ್ನಲು ಮರದ ಕೆಳಗೆ ಸೇರಿದ್ದೆವು.

ನಿಂತಿದ್ದ ಕಾಲವೆಲ್ಲ ಒಟ್ಟಿಗೆ ಬಂತು. ಕಾಯಿ ನೋಡನೋಡುತ್ತಿದ್ದ ಹಾಗೇ ಹಣ್ಣಾಗಿ, ಕೈ ಚಾಚುವುದರೊಳಗೆ ಕಪ್ಪಾಗಿ, ನೆಲಕ್ಕೆ ಬಿದ್ದಾಗ ಬರೀ ಓಟೆಯಾಗಿದ್ದವು. ಎಲೆ ಉದುರಿ ಚಿಗುರಿ ಮತ್ತೆ ಉದುರಿತು. ಕೊಂಬೆಗಳು ದಪ್ಪಗಾದವು, ತೊಗಟೆ ಸೀಳಿತು, ಕಾಂಡದೊಳಗೆ ಗೆದ್ದಲು ಹರಿದಾಡುವ ಸದ್ದು ಕೇಳಿಸಿತು. ಹೊತ್ತು ಇಳಿಯುವುದರೊಳಗೆ ಮರ ತಾನಾಗಿಯೇ ಅಡ್ಡಬಿತ್ತು. ಗೆದ್ದ ತಮ್ಮ ಆ ಬೊಡ್ಡೆಯ ಮೇಲೆ ಕೂತ. ಸೋತ ಅಣ್ಣ ಬಂದು ಅವನ ಪಕ್ಕದಲ್ಲೇ ಕೂತು, "ಒಂದು ಹಣ್ಣಾದರೂ ತಿನ್ನಬೇಕಿತ್ತು ಕಣೋ" ಎಂದ. ತಮ್ಮ ತಲೆಯಾಡಿಸಿದ.

ನ್ಯಾಯಾಧೀಶೆ ಇದನ್ನು ಕಣ್ಣಾರೆ ಕಂಡಳು. ಮರುದಿನ ಹೋದ ತಿಂಗಳಷ್ಟೇ ಕಟ್ಟಿದ್ದ ಒಂದು ನೂಲನ್ನು ಕತ್ತರಿಸಿ ನೋಡಿದಳು. ಅದು ಒಂದು ಕರುವಿನದು. ಕರು ಸ್ವಲ್ಪ ತತ್ತರಿಸಿ, ಒಂದು ತಿಂಗಳಷ್ಟು ದೊಡ್ಡದಾಗಿ, ತಾಯಿಯ ಕಡೆಗೆ ಓಡಿತು. ಆಗ ಅವಳು ಒಂದು ನಿಶ್ಚಯಕ್ಕೆ ಬಂದಳು. ಈಚೆಗೆ ಕಟ್ಟಿದ್ದನ್ನು ಮೊದಲು ಬಿಡಿಸಬೇಕು, ಅವಕ್ಕೆ ಆಗುವ ನಷ್ಟ ಕಡಿಮೆ. ಹಳೆಯದು ಹೇಗೂ ಕೆಟ್ಟಿದೆ, ಅದು ಕಾಯಲಿ.

ಅವಳು ಬೇಗ ಬೇಗ ಕೆಲಸ ಮಾಡಿದಳು. ಬೆಳಕು ಹರಿಯುವ ಮುಂಚೆ ಪೀಠಕ್ಕೆ ಬರುತ್ತಿದ್ದಳು, ಊಟವನ್ನು ಪೀಠದ ಮೇಲೆಯೇ ಮುಗಿಸುತ್ತಿದ್ದಳು. ರಾಜಿಯಾಗುವವರನ್ನು ಕೂರಿಸಿ ರಾಜಿ ಮಾಡಿಸಿದಳು. ಸುಮ್ಮನೆ ವಾಯಿದೆ ಕೇಳಿದ ವಕೀಲರನ್ನು ಗದರಿಸಿ ಕೂರಿಸಿದಳು. ಬೀದಿಗಳಲ್ಲಿ ತಲೆ ಎತ್ತಿ ನಡೆಯುವಷ್ಟು ಜಾಗವಾಯಿತು. ಗದ್ದೆಗಳು ಹಣ್ಣಾದವು. ಬಾವಿಗಳಲ್ಲಿ ನೀರು ಏರಿಳಿಯಿತು. ಮಿಠಾಯಿ ಅಂಗಡಿಯ ಪಾಕ ಮಾತ್ರ ಕರಕಲಾಗಿ ಬಾಣಲೆಗೆ ಅಂಟಿಕೊಂಡಿತು. ನಾವು ಅವಳಿಗೆ ಹಾರ ಹಾಕಿದೆವು. ಅವಳು ಹಾರವನ್ನು ತೆಗೆದು ಕಂಬದ ಬುಡದಲ್ಲಿಟ್ಟು, ಉಳಿದ ಗಂಟುಗಳನ್ನು ನೋಡುತ್ತಾ ನಿಂತಳು.

ಉಳಿದಿದ್ದವು ಹಳೆಯವು. ಅವುಗಳನ್ನೂ ಒಂದೊಂದಾಗಿ ಬಿಡಿಸಿದಳು. ಒಂದು ಮನೆ ಪುಡಿಯಾಯಿತು. ಒಂದು ತೋಟ ಕಾಡಾಗಿ, ಕಾಡು ಒಣಗಿತು. ಜನ ಬಾಗಿಲಿಗೆ ಬಂದು ನಿಧಾನಿಸಿ ಎಂದು ಬೇಡಿಕೊಂಡರು. ಅವಳು ನಿಧಾನಿಸಲಿಲ್ಲ. ಕೊನೆಗೆ ಕಂಬದ ಮೇಲೆ ಒಂದೇ ಒಂದು ಗಂಟು ಉಳಿಯಿತು.

ಮಧ್ಯಾಹ್ನ ಚಾವಡಿ ಖಾಲಿಯಾದಾಗ ಅವಳು ಜಗಲಿಗೆ ಬಂದು ಸಂಪಿಯ ಪಕ್ಕದಲ್ಲಿ ಕೂರಲು ಶುರು ಮಾಡಿದ್ದಳು.

"ಅಕ್ಕಾ, ನೀವೂ ಚಿಕ್ಕವರಾಗಿದ್ರಾ?" ಎಂದು ಒಂದು ದಿನ ಸಂಪಿ ಕೇಳಿದಳು.

"ಇದ್ದೆ."

"ಆಮೇಲೆ ಹೆಂಗೆ ದೊಡ್ಡವರಾದ್ರಿ? ನೋವಾಯ್ತಾ?"

ನ್ಯಾಯಾಧೀಶೆ ಯೋಚಿಸಿದಳು. "ಗೊತ್ತೇ ಆಗಲಿಲ್ಲ" ಎಂದಳು. "ಶಾಲೆಗೆ ಹೋದೆ. ಗೆಳತಿಯರ ಜೊತೆ ಜಗಳ ಆಡಿದೆ. ಒಂದು ಸಲ ಮನೆ ಬಿಟ್ಟು ಓಡಿಹೋಗಿ ಸಂಜೆಗೆ ವಾಪಸು ಬಂದೆ. ಅಪ್ಪ ತೀರಿಕೊಂಡರು. ಮದುವೆ ಬೇಡ ಅಂದೆ. ಅಷ್ಟರಲ್ಲಿ ದೊಡ್ಡವಳಾಗಿಬಿಟ್ಟಿದ್ದೆ."

"ನಂಗೆ ಈ ಹಲ್ಲು ಬೀಳಬೇಕು" ಎಂದಳು ಸಂಪಿ, ಹಲ್ಲನ್ನು ನಾಲಗೆಯಿಂದ ಮುಂದಕ್ಕೆ ತಳ್ಳಿ ತೋರಿಸುತ್ತಾ. "ಎಲ್ಲಾರ್ದೂ ಬೀಳ್ತದೆ, ನಂದು ಬೀಳಲ್ಲ. ಬಿದ್ರೆ ಸಗಣಿ ಉಂಡೇಲಿ ಇಟ್ಟು ಮಾಡಿನ ಮೇಲೆ ಎಸೀತೀನಿ. ನೀವು ಹೇಳ್ತೀರಾ ಒಳಗೆ?"

"ಯಾರಿಗೆ ಹೇಳಲಿ?"

"ಒಳಗೆ ಕೂತಿರ್ತಾರಲ್ಲ, ಅವರಿಗೆ."

ನ್ಯಾಯಾಧೀಶೆ ಅವಳ ಮಣಿಕಟ್ಟಿನ ನೂಲನ್ನು ಬೆರಳಿನಿಂದ ಸವರಿದಳು. ಇಷ್ಟು ವರ್ಷ ಅದು ಒಂದು ಎಳೆಯೂ ಮಾಸಿರಲಿಲ್ಲ.

ಅವಳು ತಂದೆತಾಯಿಯರಿಬ್ಬರನ್ನೂ ಕರೆಸಿದಳು. ವಕೀಲರು ಬೇಡ ಎಂದಳು. ಫಿರ್ಯಾದು ಕೊಟ್ಟ ದಿನದ ನಂತರ ಅವರಿಬ್ಬರೂ ಒಂದೇ ಕೋಣೆಯಲ್ಲಿ ಇಷ್ಟು ಹತ್ತಿರ ನಿಂತಿದ್ದು ಅದೇ ಮೊದಲು. ದೇವೀರಮ್ಮನ ಕೂದಲು ಪೂರಾ ಬೆಳ್ಳಗಾಗಿತ್ತು. ಚಿಕ್ಕೀರಯ್ಯನ ಕೈ ಸದಾ ನಡುಗುತ್ತಿತ್ತು, ಚಕ್ರದ ಮೇಲೆ ಅವನು ಕೈ ಇಟ್ಟು ಬಹಳ ದಿನವಾಗಿತ್ತು.

"ನಿಮ್ಮದೊಂದೇ ಉಳಿದಿದೆ" ಎಂದಳು ನ್ಯಾಯಾಧೀಶೆ. "ಏನು ಮಾಡೋಣ ಹೇಳಿ."

ದೇವೀರಮ್ಮ ಮೊದಲು ಮಾತಾಡಿದಳು. "ಅಮ್ಮಾವ್ರೇ, ಆ ಮಾವಿನ ಮರ ನೋಡಿದೆ ನಾನು. ನನ್ನ ಕೂಸನ್ನ ಹಂಗೆ ನೋಡೋಕೆ ಆಗಕ್ಕಿಲ್ಲ. ದಿನಾ ಬೆಳಿಗ್ಗೆ ಜಡೆ ಹಾಕ್ತೀನಿ. ಆ ತಲೆ ನನ್ನ ಮಡಿಲಲ್ಲಿ ಇರ್ತದೆ. ನಂಗೆ ಅಷ್ಟು ಸಾಕು. ನಾನು ಸತ್ತ ಮೇಲೆ ಏನಾರ ಮಾಡ್ಕೊಳ್ಳಿ. ಅಲ್ಲೀಗಂಟ ವಾಯಿದೆ ಕೊಡಿ."

"ನೀವು?" ಎಂದು ನ್ಯಾಯಾಧೀಶೆ ಚಿಕ್ಕೀರಯ್ಯನ ಕಡೆ ತಿರುಗಿದಳು.

ಅವನು ನೆಲ ನೋಡಿದ. "ಅವಳು ಹೇಳಿದ್ದೇ ನಂದೂ, ಬುದ್ಧಿ. ವಾಯಿದೆ ಕೊಡಿ."

ಹಾಗೆ ಹೇಳಿ ಅವನು ಹೆಂಡತಿಯ ಮುಖ ನೋಡಿದ. ಅವಳೂ ಅವನ ಮುಖ ನೋಡಿದಳು. ಏನು ಹೇಳಿಬಿಟ್ಟೆವು ಎಂದು ಇಬ್ಬರಿಗೂ ಒಂದೇ ಸಲ ಹೊಳೆದಂತಿತ್ತು.

"ಇಬ್ಬರದೂ ಒಂದೇ ಮಾತು" ಎಂದಳು ನ್ಯಾಯಾಧೀಶೆ ಮೆಲ್ಲಗೆ. "ಇಬ್ಬರೂ ಒಪ್ಪಿದ ಮೇಲೆ ವ್ಯಾಜ್ಯ ಎಲ್ಲಿದೆ? ವ್ಯಾಜ್ಯ ಇಲ್ಲದ ಕಡೆ ನೂಲು ಹೇಗೆ ಇರುತ್ತೆ?"

ದೇವೀರಮ್ಮ ಪೀಠದ ಅಂಚನ್ನು ಹಿಡಿದುಕೊಂಡಳು. "ನಾನು ಒಪ್ಪಿಲ್ಲ. ಇವನ ಮೇಲೆ ನಂಗೆ ಬೇಕಾದಷ್ಟು ಸಿಟ್ಟಿದೆ. ಬರ್ಕೊಳ್ಳಿ ಅಮ್ಮಾವ್ರೇ, ನಂಗೆ ಸಿಟ್ಟಿದೆ."

"ನಂಗೂ ಇದೆ" ಎಂದ ಚಿಕ್ಕೀರಯ್ಯ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

ನ್ಯಾಯಾಧೀಶೆ ಬಹಳ ಹೊತ್ತು ಕೂತಿದ್ದಳು. ವಾಯಿದೆ ಕೊಡುವುದು ಅವಳಿಗೆ ಕಷ್ಟವಿರಲಿಲ್ಲ. ಮುಂಚಿನವರೆಲ್ಲ ಕೊಟ್ಟಿದ್ದರು. ಒಂದು ಗಂಟು ಉಳಿದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆದರೆ ಕೂತಷ್ಟು ಹೊತ್ತೂ ಹೊರಗೆ ನಿಂತಿದ್ದ ಕಾಲ ಇನ್ನಷ್ಟು ಹೆಚ್ಚುತ್ತಿತ್ತು. ಈ ಮಗುವಿನ ಮೇಲೆ ಎಂದೋ ಒಂದು ದಿನ ಬೀಳಬೇಕಾದ ಹೊರೆಗೆ ತಾನೂ ಒಂದೊಂದೇ ದಿನ ಸೇರಿಸುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಇಷ್ಟು ದಿನವೂ ಹಾಗೆಯೇ ಸೇರಿಸಿದ್ದಳು. ಮೊದಲು ಬಿಡಿಸಬೇಕಾಗಿದ್ದನ್ನು ಕೊನೆಗೆ ಇಟ್ಟವಳು ಅವಳೇ.

"ನಾಳೆ ತೀರ್ಪು" ಎಂದಳು.

ಮರುದಿನ ಊರೆಲ್ಲ ಚಾವಡಿಯ ಮುಂದೆ ಸೇರಿತು. ಕೂಗುವವನು ಬಾಗಿಲಲ್ಲಿ ನಿಂತು ತಂದೆಯ ಹೆಸರನ್ನು ಮೂರು ಸಲ ಕೂಗಿದ, ತಾಯಿಯ ಹೆಸರನ್ನು ಮೂರು ಸಲ ಕೂಗಿದ. ಸಂಪಿಯನ್ನು ಪೀಠದ ಮುಂದೆ ನಿಲ್ಲಿಸಿದರು. ಇಷ್ಟು ಜನ ತನ್ನನ್ನು ನೋಡಲು ಬಂದಿದ್ದು ಅವಳಿಗೆ ಖುಷಿಯಾಗಿತ್ತು. ತಾಯಿ ಆ ಬೆಳಿಗ್ಗೆ ಜಡೆಗೆ ಮೊಲ್ಲೆ ಮುಡಿಸಿದ್ದಳು.

ನ್ಯಾಯಾಧೀಶೆ ತೀರ್ಪು ಓದಿದಳು. ಮಗು ಹಗಲು ತಾಯಿಯ ಮನೆಯಲ್ಲಿರಬೇಕು, ಸಂಜೆ ತಂದೆಯ ಮನೆಗೆ ಹೋಗಿಬರಬೇಕು, ಒಬ್ಬರು ಇನ್ನೊಬ್ಬರನ್ನು ತಡೆಯಬಾರದು.

"ಇಷ್ಟೇನಾ ಅಮ್ಮಾವ್ರೇ?" ಎಂದು ಕೂಗುವವನು ತಡೆಯಲಾರದೆ ಕೇಳಿಬಿಟ್ಟ.

"ಇಷ್ಟೇ" ಎಂದಳು ಅವಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲನೇ ದಿನ ಮೊದಲನೇ ನ್ಯಾಯಾಧೀಶ ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಹೇಳಬಹುದಾಗಿದ್ದ ಮಾತು. ಅವಳು ಪೀಠದಿಂದ ಇಳಿದು ಬಂದು ಮಗುವಿನ ಮುಂದೆ ಮೊಣಕಾಲೂರಿ, "ಕಣ್ಣು ಮುಚ್ಚಿಕೋ" ಎಂದಳು. ಸಂಪಿ ಮುಚ್ಚಿಕೊಳ್ಳಲಿಲ್ಲ. ಕತ್ತರಿ ಆಡಿತು.

ಮೊದಲು ಹಲ್ಲು ಬಿತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ನಗಲು ಬಾಯಿ ತೆರೆದಳು, ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಹಲ್ಲು ಮೂಡಿತ್ತು. ಮೂಳೆಗಳು ಉದ್ದವಾಗುವ ಸದ್ದು ಹಸಿ ಬಿದಿರು ಬಿಸಿಲಿಗೆ ಬಿರಿದಂತೆ ಕೇಳಿಸಿತು. ಜಡೆ ಬಿಚ್ಚಿಕೊಂಡು ನೆಲ ಮುಟ್ಟಿತು, ಮೊಲ್ಲೆ ಬಾಡಿ ಉದುರಿತು. ಲಂಗ ಮೊಣಕಾಲಿಗೆ ಬಂತು, ರವಿಕೆಯ ಹೊಲಿಗೆ ಕಿತ್ತಿತು. ನ್ಯಾಯಾಧೀಶೆ ತಾನು ಹೊದ್ದಿದ್ದ ಶಾಲು ತೆಗೆದು ಅವಳಿಗೆ ಸುತ್ತಿದಳು, ಸುತ್ತಿದ ಮೇಲೂ ಅವಳನ್ನು ಬಿಡದೆ ತೋಳಿನಲ್ಲಿ ಹಿಡಿದುಕೊಂಡಳು. ಹರೆಯ ಅವಳ ಮುಖದ ಮೇಲೆ ಬಂತು, ನಾವು ನೋಡುವಷ್ಟು ಹೊತ್ತೂ ನಿಲ್ಲದೆ ಹೋಯಿತು. ಕಣ್ಣಿನ ಕೆಳಗೆ ಗೆರೆ ಬಿತ್ತು. ನೆತ್ತಿಯಲ್ಲಿ ಬಿಳಿ ಕೂದಲು ಹುಟ್ಟಿತು. ಆಮೇಲೆ ಎಲ್ಲ ನಿಂತಿತು. ನ್ಯಾಯಾಧೀಶೆಯ ತೋಳಿನಲ್ಲಿ ಅವಳಿಗಿಂತ ಹಿರಿಯಳಾದ ಒಬ್ಬ ಹೆಂಗಸು ಉಸಿರು ಬಿಡುತ್ತಿದ್ದಳು.

ಆ ಹೆಂಗಸು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಜನರ ನಡುವೆ ತಾಯಿಯನ್ನು ಹುಡುಕಿ, ಹತ್ತಿರ ಹೋಗಿ, "ಅವ್ವಾ" ಎಂದಳು. ಒರಟು ದನಿ. ಯಾರೂ ಎಂದೂ ಬಳಸದ ದನಿ.

ದೇವೀರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ನನ್ನ ಕೂಸು ಇಲ್ಲೇ ನಿಂತಿತ್ತು ಕಣ್ರಮ್ಮ" ಎಂದಳು. "ನೀವು ನೋಡಿದ್ರಾ?"

ತಾಯಿ ಮಗಳನ್ನು ಬಹುವಚನದಲ್ಲಿ ಮಾತಾಡಿಸಿದ್ದನ್ನು ನಾವೆಲ್ಲ ಕೇಳಿದೆವು. ಆಮೇಲೆ ಗುಂಪಿನಲ್ಲಿ ಯಾರೂ ನಿಲ್ಲಲಿಲ್ಲ, ಒಬ್ಬೊಬ್ಬರಾಗಿ ಮನೆಗೆ ಹೋದೆವು.

ಸಂಪಿಗೆ ತಿಳಿವಳಿಕೆ ಬಂದಿತ್ತು, ನೆನಪು ಬಂದಿರಲಿಲ್ಲ. ಬಂದ ವರ್ಷಗಳೆಲ್ಲ ಖಾಲಿಯಾಗಿ ಬಂದಿದ್ದವು. ಯಾರು ದುಃಖದಲ್ಲಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆದರೆ ಒಲೆ ಹಚ್ಚುವುದು, ಸೀರೆ ಉಡುವುದು, ಹೆಂಗಸರ ನಡುವೆ ಕೂತು ನಾಲ್ಕು ಮಾತಾಡುವುದು ಗೊತ್ತಿರಲಿಲ್ಲ. ಎದೆಯೊಳಗೆ ಏನೋ ಭಾರವಿತ್ತು, ಅದಕ್ಕೆ ಜೋಡಿಸಲು ಒಂದು ಹೆಸರಿರಲಿಲ್ಲ, ಒಂದು ಮುಖವಿರಲಿಲ್ಲ.

ತೀರ್ಪಿನ ಮಾರನೆಯ ದಿನ ಅವಳು ಅಭ್ಯಾಸದಂತೆ ಜಗಲಿಯ ಕೆಳಗಿನ ಬಯಲಿಗೆ ಹೋದಳು. ಮಕ್ಕಳು ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದರು. ಅವಳನ್ನು ಕಂಡು ಎದ್ದು ನಿಂತರು.

"ಅಮ್ಮಾ, ಸಂಪಿ ಎಲ್ಲಿ?" ಎಂದು ಒಂದು ಹುಡುಗಿ ಕೇಳಿತು. "ಇವತ್ತು ಅವಳ ಸರದಿ."

ಸಂಪಿ ಆ ಹುಡುಗಿಯ ತಲೆ ಸವರಿದಳು. "ಮನೆಗೆ ಹೋದಳು" ಎಂದಳು.

"ಯಾವಾಗ ಬರ್ತಾಳೆ?"

"ಗೊತ್ತಿಲ್ಲ ಕಂದ. ನೀವು ಆಡಿಕೊಳ್ಳಿ."

ದೇವೀರಮ್ಮ ಮಾತ್ರ ಎಂದಿನಂತೆ ಬೆಳಿಗ್ಗೆ ಎಣ್ಣೆ ಬಾಚಣಿಗೆ ಹಿಡಿದು ಜಗಲಿಗೆ ಬರುತ್ತಿದ್ದಳು. ಕಾಲು ಚಾಚಿ ಕೂತು, ಮಡಿಲ ಮೇಲೆ ಬಟ್ಟೆ ಹಾಸಿ, ಕಾಯುತ್ತಿದ್ದಳು. ಸಂಪಿ ಬಂದು ಅವಳ ಮುಂದೆ ಬೆನ್ನು ಮಾಡಿ ಕೂತಳು, ಕೂದಲು ಬಿಚ್ಚಿ ಹಿಂದಕ್ಕೆ ಹಾಕಿದಳು. ದೇವೀರಮ್ಮ ಮುಟ್ಟಲಿಲ್ಲ. "ಸ್ವಲ್ಪ ಜರುಗಿ ಕೂತ್ಕೊಳ್ಳಿ ತಾಯಿ" ಎಂದಳು, ನಯವಾಗಿ. "ನನ್ನ ಮಗಳು ಬರೋ ಹೊತ್ತು." ಸಂಪಿ ಜರುಗಿ ಕೂತಳು. ದಿನಾ ಹಾಗೆ ಇಬ್ಬರೂ ಒಂದು ಮಾರು ದೂರದಲ್ಲಿ ಕೂತು ಬಿಸಿಲು ಏರುವ ತನಕ ಕಾಯುತ್ತಿದ್ದರು. ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ದೇವೀರಮ್ಮ ಬರಲಿಲ್ಲ. ಅವಳು ಹಾಸಿಗೆಯಲ್ಲೇ ಪ್ರಾಣ ಬಿಟ್ಟಿದ್ದಳು. ಕೊಳ್ಳಿ ಇಡುವಾಗ ಚಿಕ್ಕೀರಯ್ಯ ಮಗಳನ್ನು ತೋರಿಸಿ, "ಇವಳು ಅವಳ ಮಗಳು" ಎಂದು ಸ್ಮಶಾನದವನಿಗೆ ಹೇಳಬೇಕಾಯಿತು.

ಆಮೇಲೆ ಸಂಪಿ ತಂದೆಯ ಮನೆಯಲ್ಲಿ ಉಳಿದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. "ನಿನ್ನ ಕೈ ನಮ್ಮವ್ವನ ಕೈ ಇದ್ದ ಹಾಗೇ ಇದೆ" ಎಂದು ಒಂದು ದಿನ ಹೇಳಿದ. ಅವನಿಂದ ಅವಳಿಗೆ ಸಿಕ್ಕಿದ ಉದ್ದದ ಮಾತು ಅದೊಂದೇ. ಅವಳು ಒಲೆ ಹಚ್ಚಿ ಕೈ ಸುಟ್ಟುಕೊಂಡಳು, ಮತ್ತೆ ಹಚ್ಚಿದಳು. ಅಂಬಲಿ ಕಾಸುವುದನ್ನು ಕಲಿತು ಅವನಿಗೆ ಕುಡಿಸಿದಳು.

ಇತ್ತ ನ್ಯಾಯಾಧೀಶೆಗೆ ಮೇಲಿನಿಂದ ಮೆಚ್ಚುಗೆ ಬಂತು. ಒಂದೂ ಬಾಕಿಯಿಲ್ಲದ ಚಾವಡಿ ಇದೊಂದೇ ಎಂದು ಹೊಗಳಿ, ಇದಕ್ಕಿಂತ ದೊಡ್ಡ ರಾಶಿ ಇರುವ ಇನ್ನೊಂದು ಊರಿಗೆ ಹೋಗಲು ಹೇಳಿದರು. ಅವಳು ಹೊರಡುವ ದಿನ ಸಂಪಿಯನ್ನು ಕರೆಸಿದಳು. ಪೀಠದ ಮೇಲೆ ಕೂರದೆ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳೂ ಸೊರಗಿದ್ದಳು.

"ಅಕ್ಕಾ..." ಎಂದು ಶುರು ಮಾಡಿದ ಸಂಪಿ ಆ ಪದವನ್ನು ನುಂಗಿಕೊಂಡಳು.

"ಒಂದು ಮಾತು ಹೇಳಬೇಕು ಅಂತ ಕರೆಸಿದೆ" ಎಂದಳು ನ್ಯಾಯಾಧೀಶೆ. "ನಿಮ್ಮ ವರ್ಷಗಳನ್ನು ಈ ಚಾವಡಿ ತಿಂದಿದೆ. ಮುಂಚಿನವರು ತಿಂದರು. ನಾನೂ ತಿಂದೆ. ಬಂದ ದಿನವೇ ನಿಮ್ಮದನ್ನು ತೆಗೆದುಕೊಳ್ಳಬೇಕಿತ್ತು. ನೀವು ಫಿರ್ಯಾದು ಕೊಡಿ. ಚಾವಡಿಯ ಮೇಲೆ, ನನ್ನ ಮೇಲೆ ಕೊಡಿ. ನಾನೇ ನಿಂತು ಬರೆಸುತ್ತೇನೆ."

ಸಂಪಿ ಕಂಬದ ಕಡೆ ನೋಡಿದಳು. ಅದು ಬೋಳಾಗಿತ್ತು. ಅವಳ ಕಣ್ಣಿಗೆ ಅದು ತೀರ ಸಾಮಾನ್ಯ ಕಂಬದಂತೆ ಕಂಡಿರಬೇಕು.

"ಫಿರ್ಯಾದು ಕೊಟ್ರೆ ಏನು ಮಾಡ್ತಾರೆ?" ಎಂದು ಕೇಳಿದಳು.

"ವಿಚಾರಣೆ ಮಾಡ್ತಾರೆ."

"ಅಲ್ಲೀತನಕ?"

ನ್ಯಾಯಾಧೀಶೆಯ ಕಣ್ಣು ಸಂಪಿಯ ಮಣಿಕಟ್ಟಿನ ಮೇಲೆ ಹೋಯಿತು.

"ಅಲ್ಲೀತನಕ ನನ್ನ ಕೈಗೆ ಮತ್ತೆ ಕಟ್ತಾರೆ" ಎಂದಳು ಸಂಪಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಮಕ್ಕಳಿಗೆ ಬಿಡಿಸಿ ಹೇಳುವ ಹಾಗಿತ್ತು. "ನಿಮ್ಮ ಜಾಗಕ್ಕೆ ಯಾರು ಬರ್ತಾರೋ, ಯಾವಾಗ ಬರ್ತಾರೋ. ಇನ್ನು ಉಳಿದಿರೋದು ಸ್ವಲ್ಪ. ಅದನ್ನೂ ತಂದು ಇಲ್ಲಿ ಇಡೋಕಾಗಲ್ಲ."

ಹೊರಗೆ ಗದ್ದಲ ಕೇಳಿಸಿತು. ಇಬ್ಬರು ಗಂಡಸರು ಒಂದು ಹಸುವಿನ ಹಗ್ಗವನ್ನು ಎರಡು ಕಡೆಯಿಂದ ಎಳೆಯುತ್ತಾ ಮೆಟ್ಟಿಲ ಬಳಿ ಬಂದಿದ್ದರು. ನ್ಯಾಯಾಧೀಶೆ ಇಂದು ಹೊರಡುತ್ತಾಳೆ ಎಂದು ಕೂಗುವವನು ಅವರಿಗೆ ಹೇಳಿದ. ಪರವಾಗಿಲ್ಲ, ಬರುವವರು ಬರುವ ತನಕ ಕಟ್ಟಿಡಿ ಎಂದರು ಅವರು. ಅವನು ಸೊಂಟ ಹಿಡಿದುಕೊಂಡು ನೂಲಿನ ಉಂಡೆ ತರಲು ಒಳಗೆ ಹೋದ.

ನ್ಯಾಯಾಧೀಶೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಸಂಪಿ ಅವಳ ಭುಜದ ಮೇಲೆ ಕೈ ಇಟ್ಟಳು, ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಕೈ ತೆಗೆದು ಸೆರಗು ಸರಿ ಮಾಡಿಕೊಂಡಳು.

"ಅಪ್ಪಂಗೆ ಅಂಬಲಿ ಕಾಸಬೇಕು" ಎಂದಳು. "ಹೊತ್ತಾಯ್ತು, ಬರ್ತೀನಿ."

ಅವಳು ಮೆಟ್ಟಿಲಿಳಿದು, ಹಸುವನ್ನು ಬಳಸಿಕೊಂಡು, ಹಿಂದೆ ತಿರುಗದೆ ಬೇಗ ಬೇಗ ನಡೆದುಹೋದಳು.